ಸಮುದ್ರದ ದಂಡೆಗೆ ಮನೆ ಬೇಕಾಗಿದೆ

ನಾನು ಹುಟ್ಟಿದ್ದು ಜೂನ್ 1ಕ್ಕೆ. ನನ್ನ ಜೊತೆ ನೌಕರಿಗೆ ಸೇರಿದ ಮಾಸ್ತರರಲ್ಲಿ ಅರ್ಧಕ್ಕರ್ಧ ಮಂದಿ ಹುಟ್ಟಿದ್ದೂ ಅವತ್ತೇ. ನಮ್ಮ ತಾಯಂದಿರು ಮಾತಾಡಿಕೊಂಡು ಹಡೆದರು ಅಂತಲ್ಲ. ಶಾಲೆಗೆ ಹೆಸರು ಹಚ್ಚಲು ಹೋದಾಗ ಹೆಡ್‌ಮಾಸ್ತರರು "ಯಾವಾಗ ಹುಟ್ಯಾನು?" ಅಂತ ಕೇಳಿದರು, ಅಪ್ಪ "ಕಾರಹುಣ್ಣಿವಿ ಮುಂದ, ನಮ್ಮ ಎಮ್ಮಿ ಈದಿತ್ತಲ್ರೀ, ಆವಾಗ" ಅಂದ, ಅವರು ಜೂನ್ 1 ಅಂತ ಬರೆದುಕೊಂಡರು. ಹೀಗಾಗಿ ಐವತ್ತೆಂಟು ತುಂಬಿದ ಕೂಡಲೇ, ಮೇ 31ರ ಸಂಜೆ, ಸಾಂಗ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಂದ ನಾವೆಲ್ಲ ಒಮ್ಮೆಲೇ ಉದುರಿದೆವು, ಗಿಡ ಜಾಡಿಸಿದಾಗ ಹುಣಸೆಕಾಯಿ ಉದುರಿದ ಹಾಗೆ.

ನಿರೋಪ ಸಮಾರಂಭದಲ್ಲಿ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಮೂವತ್ತು ವರ್ಷ ಯಾರ ಬಾಯಿಗೂ ಬರದಿದ್ದ ಒಳ್ಳೆಯ ಮಾತುಗಳನ್ನೆಲ್ಲ ಒಂದು ತಾಸಿನಲ್ಲಿ ಆಡಿ ಮುಗಿಸಿದರು. ಕೊನೆಗೆ ಕಾಣಿಕೆ ಅಂತ ಕಿಟಕಿಯಷ್ಟು ದೊಡ್ಡ ಫ್ರೇಮೊಂದನ್ನು ಕೈಯಲ್ಲಿಟ್ಟರು. ಅದರಲ್ಲಿ ಸಮುದ್ರ, ಬಾಗಿದ ಎರಡು ತೆಂಗಿನ ಮರ, ಮುಳುಗುತ್ತಿರುವ ಸೂರ್ಯ. ಗುಂಡಿ ಒತ್ತಿದರೆ ಹಿಂದೆ ಬಲ್ಬು ಹತ್ತಿ ತೆರೆಗಳು ಅಲ್ಲಾಡುತ್ತಿದ್ದವು. ಮನೆಗೆ ತಂದರೆ ಅಷ್ಟು ಭಾರ ತಡೆಯುವ ಮೊಳೆ ಇದ್ದದ್ದು ಅಡಿಗೆಮನೆಯ ಗೋಡೆಗೆ ಮಾತ್ರ. ಅದರ ಕೆಳಗೆ ನಮ್ಮ ನೀರಿನ ಸಂಸಾರ: ಎರಡು ಬ್ಯಾರಲ್ಲು, ಒಂದು ತಾಮ್ರದ ಹಂಡೆ, ಆರು ಪ್ಲಾಸ್ಟಿಕ್ ಕೊಡ. ಬೇಸಿಗೆಯ ದಿನ, ನಳಕ್ಕೆ ನೀರು ಬಂದು ಐದು ದಿನ ಆಗಿತ್ತು, ಕೊಡಗಳೆಲ್ಲ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದವು. ಮೇಲೆ ಸಮುದ್ರ ಬಲ್ಬಿನ ಬೆಳಕಿನಲ್ಲಿ ತುಳುಕುತ್ತಿತ್ತು.

ನನಗೆ ಹುಚ್ಚು ಹತ್ತಿದ್ದು ಅಲ್ಲಿಂದ.

ಜತ್ತ ತಾಲೂಕಿನವನಿಗೆ ನೀರಿನ ಹುಚ್ಚು ಹತ್ತುವುದರಲ್ಲಿ ವಿಶೇಷವೇನೂ ಇಲ್ಲ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ, ಅದೂ ಮನಸ್ಸಿಗೆ ಬಂದರೆ. ಸುದ್ದಿ ಓದುವವರಿಗೆ 2022 ನೆನಪಿರಬೇಕು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಅಂತ ನಮ್ಮ ನಲವತ್ತು ಹಳ್ಳಿಗಳವರು ಹತ್ತು ವರ್ಷದ ಹಿಂದೆ ಮಾಡಿದ್ದ ಠರಾವನ್ನು ಆ ನವೆಂಬರದಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನೆನಪಿಸಿಕೊಂಡರು. ನಾವೇ ಮರೆತಿದ್ದೆವು. ಡಿಸೆಂಬರ್ ಹತ್ತುವ ಹೊತ್ತಿಗೆ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿ ಕೆರೆಗೆ ಬಂತು. ಇತ್ತ ಮುಂಬಯಿಯಿಂದ ಮ್ಹೈಸಾಳ ವಿಸ್ತರಿತ ಯೋಜನೆಗೆ ಎರಡು ಸಾವಿರ ಕೋಟಿ ಅಂತ ಘೋಷಣೆ ಬಂತು. ಒಬ್ಬಳೇ ಮಗಳಿಗೆ ಎರಡು ಕಡೆಯಿಂದ ಸಂಬಂಧ ಬಂದ ಮನೆಯ ಹಾಗೆ ಕೆಲವು ದಿನ ನಮ್ಮ ತಾಲೂಕಿನ ಅಂಗಳದ ತುಂಬ ಕಾರುಗಳು. ನಾವು ಗಂಡ-ಹೆಂಡತಿ ತಿಕ್ಕುಂಡಿಗೆ ಹೋಗಿ ಕೆರೆ ನೋಡಿ ಬಂದೆವು. ಅವಳು ನೀರಿಗೆ ಅರಿಷಿಣ-ಕುಂಕುಮ ಹಾಕಿದಳು. ನಾನು ಪ್ಯಾಂಟು ಮೊಣಕಾಲಿಗೆ ಏರಿಸಿ ಕಾಲಿಟ್ಟುಕೊಂಡು ನಿಂತೆ. ಒಂದು ಕೆರೆ ತುಂಬಿದರೆ ಇಷ್ಟು ಸುಖ, ಸಮುದ್ರದ ದಂಡೆಗೇ ಮನೆ ಇದ್ದರೆ?

ಇದಕ್ಕೆ ಇಂಬುಗೊಟ್ಟದ್ದು ನಮ್ಮ ರಸ್ತೆ. ಜತ್ತದ ಮೇಲೆ ಹಾದುಹೋಗುವ ಹೆದ್ದಾರಿಗೆ ಸರಕಾರ 166-ಇ ಅಂತ ನಂಬರು ಕೊಟ್ಟಿದ್ದರೂ ಜನ ಕರೆಯುವುದು ಗುಹಾಗರ–ವಿಜಾಪುರ ರಸ್ತೆ ಅಂತಲೇ. ಬಲಕ್ಕೆ ಹೊರಳಿದರೆ ಗೋಳಗುಮ್ಮಟ, ಎಡಕ್ಕೆ ಹೊರಳಿದರೆ ಅರಬೀ ಸಮುದ್ರ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಮೂವತ್ತು ವರ್ಷ ಆ ಹೆಸರು ಓದಿದ್ದೇನೆ, ಎಡಕ್ಕೆ ವಿಟಾ ದಾಟಿ ಹೋದವನಲ್ಲ. ಸಮುದ್ರ ನೋಡಿದ್ದು ಒಂದೇ ಸಲ, ಮಾಸ್ತರರ ಮೋರ್ಚಾಕ್ಕೆ ಮುಂಬಯಿಗೆ ಹೋದಾಗ, ಬಸ್ಸಿನ ಕಿಟಕಿಯಿಂದ, ಅದೂ ಮುಂದಿನ ಸೀಟಿನವರ ತಲೆಯ ಮೇಲಿಂದ.

ಹೆಂಡತಿಗೆ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಲ್ರೀ, ಸಮುದ್ರದ ನೀರ ಕುಡ್ಯಾಕ ಬರತೈತೇನು?"

"ಇಲ್ಲ."

"ಅರಿವಿ ಒಗ್ಯಾಕ?"

"ಸಾಬೂನ ನೊರಿ ಬರೂದಿಲ್ಲಂತ."

"ಬ್ಯಾಳಿ ಬೇಯಸಾಕ? ಎಮ್ಮಿ ಮೈ ತೊಳ್ಯಾಕ?"

"ಇಲ್ಲ."

"ಮತ್ತ ಅಷ್ಟ ನೀರ ತಗೊಂಡ ಏನ್ ಮಾಡ್ತೀರಿ? ನೋಡ್ಕೋತ ಕುಂಡ್ರತೀರಿ?"

"ಹೌದು," ಅಂದೆ. "ನೋಡ್ಕೋತ ಕುಂಡ್ರೂದs."

ರೊಟ್ಟಿ ಹಂಚಿನ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ಚರ್ಚೆ ಮುಗಿದದ್ದಕ್ಕೆ ಅದೇ ಗುರುತು. ಆದರೆ ಪುಣೆಯಲ್ಲಿರುವ ಅಳಿಯ ನನ್ನ ಪಕ್ಷಕ್ಕೆ ಬಂದ. ಅವನ ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಜಾಹೀರಾತು ಬರುತ್ತಿದ್ದವು, ಕೋಕಣದಲ್ಲಿ 'ಸೆಕೆಂಡ್ ಹೋಮ್' ಅಂತ. "ಮಾಮಾ, ಈಗ ಎಲ್ಲಾರೂ ಸೆಕೆಂಡ್ ಹೋಮ್ ಮಾಡ್ಲಿಕತ್ತಾರ" ಅಂದ. ಅತ್ತೆ ಒಳಗಿಂದಲೇ ಉತ್ತರ ಕೊಟ್ಟಳು: "ಮೊದಲನೇ ಮನಿ ಹಿಂದಿನ ಗ್ವಾಡಿಗೆ ಇನ್ನೂ ಗಿಲಾವ ಆಗಿಲ್ಲ, ಅದನ್ನ ಮಾಡ್ಸಂತ ಹೇಳ ನಿಮ್ಮ ಮಾಮಾಗ. ಎರಡನೇದು ಅನ್ನೂ ಮಾತ ಗಂಡಸರ ಬಾಯಾಗ ಚೊಲೊ ಅಲ್ಲ."

ನಾನು 2005ರ ನವೆಂಬರ್ 1ಕ್ಕಿಂತ ಮೊದಲು ನೌಕರಿಗೆ ಸೇರಿದ ಪುಣ್ಯವಂತ, ಹಳೇ ಪೆನ್ಶನ್ನಿನವನು. ಆ ತಾರೀಖಿನ ಆಚೆ ಸೇರಿದ ಹುಡುಗರು ನಮ್ಮನ್ನು ಬೇಸಿಗೆಯಲ್ಲಿ ಸಿಹಿನೀರಿನ ಬಾವಿ ಇದ್ದವನನ್ನು ನೋಡಿದ ಹಾಗೆ ನೋಡುತ್ತಾರೆ. ಗ್ರ್ಯಾಚ್ಯುಯಿಟಿ, ಪ್ರಾವಿಡೆಂಟ್ ಫಂಡು, ಕಮ್ಯುಟೇಶನ್ ಎಲ್ಲ ಕೈಗೆ ಬರುವ ಹೊತ್ತಿಗೆ ವರ್ಷ ತುಂಬುತ್ತ ಬಂತು. ಬ್ಯಾಂಕಿನಲ್ಲಿ ದುಡ್ಡು ಬಿದ್ದ ದಿನದಿಂದ ಚಹಾದಂಗಡಿಯಲ್ಲಿ ನನಗೆ ಸಲಹೆಗಾರರು ಹೆಚ್ಚಾದರು. ಒಬ್ಬ ಡಾಳಿಂಬರಿ ಹಚ್ಚು ಅಂದ. ಇನ್ನೊಬ್ಬ ಮಾಡಗ್ಯಾಳ ಟಗರು ಸಾಕು ಅಂದ. ನಮ್ಮ ತಾಲೂಕಿನ ಈ ಗಿಣಿಮೂಗಿನ ಕುರಿ ಗೊತ್ತಲ್ಲ? 2020ರಲ್ಲಿ ಪಕ್ಕದ ಆಟಪಾಡಿಯ ಒಂದು ಟಗರಿಗೆ ಎಪ್ಪತ್ತು ಲಕ್ಷ ಕೊಡುತ್ತೇನೆ ಅಂದರೂ ಮಾಲಕ ಕೊಡಲಿಲ್ಲ, ಒಂದೂವರೆ ಕೋಟಿ ಹೇಳಿದ ಅಂತ ದೇಶದ ಪತ್ರಿಕೆಗಳೆಲ್ಲ ಬರೆದವು. "ಮಾಸ್ತರ, ಮನಿ ತಗೊಂಡ್ರ ಅದು ಮರಿ ಹಾಕತೈತೇನು?" ಅಂತ ಅವನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾವ ಸಮುದ್ರ ಅನ್ನುವುದರ ಮೇಲೆ ಎಂಟು ದಿನ ಹೋಯಿತು. ಕನ್ನಡ ಕಲಿಸಿ ಉಂಡ ಅನ್ನ, ಕನ್ನಡದ ಸಮುದ್ರಕ್ಕೇ ಹೋಗೋಣ, ಕುಮಟಾ, ಹೊನ್ನಾವರ, ಕಾರವಾರ ಇವೆಯಲ್ಲ ಅಂತ ನನ್ನ ವಾದ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದಮೇಲೆ ರೈತನಲ್ಲದವನೂ ಹೊಲ ಕೊಳ್ಳಬಹುದು, ಅದೊಂದು ಅನುಕೂಲ. ಆದರೆ ನಮ್ಮ ಪಾಡು ನಿಮಗೆ ಗೊತ್ತಿಲ್ಲ. ಸಾಂಗ್ಲಿಗೆ ಹೋದರೆ ನಾವು ಕಾನಡಿ ಮಂದಿ. ಎಂಎಚ್-10 ಗಾಡಿ ತೆಗೆದುಕೊಂಡು ಗಡಿ ದಾಟಿದರೆ ಮರಾಠಿ ಮಂದಿ. ಒಮ್ಮೆ ಕುಮಟೆಯ ಕಡೆಯವರೊಬ್ಬರ ಜೊತೆ ಫೋನಿನಲ್ಲಿ ಹತ್ತು ನಿಮಿಷ ನನ್ನ ಶುದ್ಧ ಜತ್ತಗನ್ನಡದಲ್ಲಿ ಮನೆಯ ವಿಷಯ ಮಾತಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಬಹಳ ಮರ್ಯಾದೆಯಿಂದ, "ನಿಮ್ಮ ಕನ್ನಡ ಚೆನ್ನಾಗಿದೆ, ಎಲ್ಲಿ ಕಲಿತಿರಿ?" ಅಂದರು. ಫೋನು ಇಟ್ಟೆ. ಹೆಂಡತಿ, "ಸಮುದ್ರ ಯಾವ ಭಾಷಾ ಮಾತಾಡತೈತಿ?" ಅಂತ ಕೇಳಿದಳು. ಅದರ ಮೇಲೆ ಗುಹಾಗರ ಗೆದ್ದಿತು. ರಸ್ತೆ ಒಂದೇ, ಬಸ್ ಬದಲಿಸಿದರೂ ರಸ್ತೆ ಬದಲಿಸಬೇಕಾಗಿಲ್ಲ.

ಮೇ ತಿಂಗಳಲ್ಲಿ ಹೊರಟೆವು, ಅಳಿಯನ ಕಾರಿನಲ್ಲಿ. ಎರಡೂವರೆ ನೂರು ಕಿಲೋಮೀಟರಿನ ದಾರಿ. ನಾಗಜ, ಭಿವಘಾಟ, ವಿಟಾ, ಕರಾಡ. ಕರಾಡದ ತನಕ ನೆಲ ನಮ್ಮ ಬಣ್ಣವನ್ನು ಒಂದೊಂದೇ ಬಿಡುತ್ತ ಬಂತು. ಪಾಟಣ ದಾಟಿದ ಮೇಲೆ ಹಸಿರು ಎಷ್ಟೆಂದರೆ ಹೆಂಡತಿ "ಇಷ್ಟ ಹಸರ ಕಣ್ಣಿಗಿ ಚುಚ್ಚತೈತಿ" ಅಂತ ಸೆರಗು ಮುಖಕ್ಕೆ ಹಿಡಿದಳು. ಕೋಯನಾನಗರದ ಹತ್ತಿರ ಅಳಿಯ ಗಾಡಿ ನಿಲ್ಲಿಸಿ ಆಣೆಕಟ್ಟಿನ ದಿಕ್ಕು ತೋರಿಸಿದ. ನಾನು ಮಾಸ್ತರ, ಸುಮ್ಮನಿರುವುದಾಗಲಿಲ್ಲ. ಕೋಯನಾ ಅಂದರೆ ಕೃಷ್ಣೆಯ ಉಪನದಿ, ನ್ಯಾಯವಾಗಿ ಪೂರ್ವಕ್ಕೆ, ನಮ್ಮ ಕಡೆಗೆ ಹರಿಯಬೇಕಾದವಳು. ಕರೆಂಟು ಮಾಡಲಿಕ್ಕೆ ಅಂತ ಅವಳ ನೀರನ್ನು ಸುರಂಗದಲ್ಲಿ ಸಹ್ಯಾದ್ರಿಯ ಪಶ್ಚಿಮಕ್ಕೆ ಇಳಿಸುತ್ತಾರೆ, ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಪ್ರಕಾರ ವರ್ಷಕ್ಕೆ 67.5 ಟಿಎಂಸಿ ತನಕ. ಟರ್ಬೈನು ತಿರುಗಿಸಿದ ನೀರು ವಾಶಿಷ್ಠಿ ನದಿಗೆ ಬಿದ್ದು, ಚಿಪಳೂಣ ಹಾಯ್ದು, ದಾಭೋಳದ ಖಾಡಿಯಲ್ಲಿ ಸಮುದ್ರಕ್ಕೆ ಸೇರುತ್ತದೆ. ಖಾಡಿಯ ಈಚೆ ದಡವೇ ಗುಹಾಗರ ತಾಲೂಕು.

ಹೆಂಡತಿ ಎಲ್ಲ ಕೇಳಿ ಹೇಳಿದಳು: "ಅಂದ್ರ ನಮ್ಮ ನೀರ ನಮಗಿಂತ ಮೊದಲs ಬಂದ ಇಲ್ಲಿ ಸೆಟ್ಲ ಆಗೈತಿ ಅನ್ರಿ."

ಕುಂಭಾರ್ಲಿ ಘಾಟ ಇಳಿದು ಚಿಪಳೂಣ ಬಂತು. 2021ರ ಜುಲೈ ಪೂರದಲ್ಲಿ ಮುಳುಗಿದ ಪೇಟೆ. ಊಟ ಮಾಡಿದ ಖಾನಾವಳಿಯವನು ಗೋಡೆಯ ಮೇಲೆ ಎಲ್ಲಿಯತನಕ ನೀರು ನಿಂತಿತ್ತು ಅಂತ ಕೈಯೆತ್ತಿ ತೋರಿಸಿದ. ಅವನ ಕೈ ನಿಲುಕಲಿಲ್ಲ. ಅಲ್ಲಿಂದ ಗುಹಾಗರದ ರಸ್ತೆ ಸಡೆಯ ಮೇಲೆ ಏರುತ್ತದೆ. ಸಡಾ ಅಂದರೆ ಜಾಂಭಾ ಕಲ್ಲಿನ ಬಯಲು ದಿಬ್ಬ. ಒಂದು ತಿರುವು ಹೊರಳಿದೆವು, ನಾನು "ನಿಲ್ಸೋ, ನಿಲ್ಸೋ!" ಅಂತ ಕೂಗಿದೆ.

ರಸ್ತೆಯ ಬದಿಗೆ ಟ್ಯಾಂಕರ್ ನಿಂತಿತ್ತು. ಅದರ ಹಿಂದೆ ಕೊಡಗಳ ಸಾಲು, ಹಸಿರು, ನೀಲಿ, ಕೇಸರಿ, ನಮ್ಮವೇ ಬಣ್ಣ. ಸಾಲಿನಲ್ಲಿ ಕೊಡ ಇಟ್ಟು ನೆರಳಿಗೆ ಕೂತ ಹೆಂಗಸರು, ಕೊಡದ ಬದಲು ಕಲ್ಲಿಟ್ಟು ಹೋದವಳ ಮೇಲೆ ನಡೆದ ಜಗಳ, ಪೈಪು ಹಿಡಿದವನ ದೌಲತ್ತು, ಎಲ್ಲ ನಮ್ಮೂರಿನದೇ. ನಾನು ಕಾರಿನಿಂದ ಇಳಿದು ಬೀಗರ ಮನೆಗೆ ಬಂದವನ ಹಾಗೆ ನಿಂತೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ಇದು, ಇಲ್ಲಿ ಟ್ಯಾಂಕರ್ ಏಕೆ ಅಂತ ಡ್ರೈವರನನ್ನು ಕೇಳಿದೆ. ಅವನು ಬೂಟಿನಿಂದ ಕೆಂಪು ಕಲ್ಲನ್ನು ತಟ್ಟಿ ತೋರಿಸಿದ. ಕಲ್ಲಿನ ತುಂಬ ತೂತು. ನೀರು ಬೀಳುತ್ತದೆ, ಸೋಸಿಕೊಂಡು ಇಳಿಜಾರಿಗೆ ಓಡುತ್ತದೆ, ಸಮುದ್ರ ಸೇರುತ್ತದೆ. ದೀಪಾವಳಿಗೆ ಹಳ್ಳ ಒಣಗಲು ಶುರು, ಏಪ್ರಿಲ್–ಮೇಗೆ ಟ್ಯಾಂಕರ್.

ಹೆಂಡತಿ ಕಾರಿನಿಂದ ಇಳಿಯಲಿಲ್ಲ. ಕಿಟಕಿ ಇಳಿಸಿ, "ಟ್ಯಾಂಕರ್ ನೋಡಾಕ ಇಷ್ಟ ದೂರ ಬರಬೇಕಿತ್ತೇನ್ರೀ?" ಅಂತ ಕೇಳಿ ಮತ್ತೆ ಕಿಟಕಿ ಏರಿಸಿದಳು.

ಗುಹಾಗರ ಮಾತ್ರ ಚೆಲುವಾದ ಊರು, ಅದನ್ನು ಒಪ್ಪಬೇಕು. ಊರೆಂದರೆ ಒಂದು ಉದ್ದನೆಯ ಬೀದಿ. ಎರಡೂ ಕಡೆ ಕೆಂಪು ಕಲ್ಲಿನ, ಮಂಗಳೂರು ಹಂಚಿನ ಮನೆಗಳು. ಪಡುವಣದ ಮನೆಗಳ ಹಿತ್ತಲಲ್ಲಿ ತೆಂಗು-ಅಡಿಕೆಯ ವಾಡಿ, ವಾಡಿ ಮುಗಿದಲ್ಲಿ ಸುರು ಮರಗಳ ಸಾಲು, ಅದು ಮುಗಿದಲ್ಲಿ ಸಮುದ್ರ. ಮುಂದಿನ ಬಾಗಿಲಿಗೆ ವ್ಯಾಡೇಶ್ವರನ ಗುಡಿಯ ಗಂಟೆ, ಹಿಂದಿನ ಬಾಗಿಲಿಗೆ ತೆರೆಯ ಸಪ್ಪಳ. ನನ್ನ ಫ್ರೇಮಿನಲ್ಲಿದ್ದದ್ದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು, ಗುಂಡಿ ಒತ್ತುವುದೂ ಬೇಕಾಗಲಿಲ್ಲ. ಆದರೆ ಬೀದಿಯಲ್ಲಿ ನಡೆಯುತ್ತ ಹೋದ ಹಾಗೆ ಒಂದು ಮಾತು ಗಮನಕ್ಕೆ ಬಂತು. ಮನೆಗಳು ಅರ್ಧಕ್ಕರ್ಧ ಕೀಲಿ ಹಾಕಿದ್ದವು. ಕೀಲಿಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು ಅಂತ.

ಏಜಂಟ ಹುಡುಗ ಮೊದಲು ಹೊಸ ಬಿಲ್ಡಿಂಗಿಗೆ ಕರೆದುಕೊಂಡು ಹೋದ. "ಕಾಕಾ, ಸೀ-ವ್ಯೂ" ಅಂದ. ಮೂರನೆಯ ಮಜಲಿನ ಹಾಲಿನಲ್ಲಿ ನಿಂತು ಹುಡುಕಿದೆ. ಬೆಡ್‌ರೂಮಿನಲ್ಲಿ ಹುಡುಕಿದೆ. ಅವನು ನಮ್ಮನ್ನು ಗಚ್ಚಿಗೆ ಏರಿಸಿದ, ಅಲ್ಲಿಂದ ನೀರಿನ ಟಾಕಿಯ ಕಬ್ಬಿಣದ ಏಣಿಯ ನಾಲ್ಕನೆಯ ಮೆಟ್ಟಿಲಿಗೆ ನನ್ನನ್ನು ನಿಲ್ಲಿಸಿ, ಎರಡು ತೆಂಗಿನ ಗರಿಗಳ ನಡುವೆ ಬೆರಳು ಮಾಡಿದ. ಹೌದು, ಅಲ್ಲಿ ಒಂದು ಗೇಣು ನೀಲಿ ಇತ್ತು. ಹೆಂಡತಿ ಕೆಳಗಿನಿಂದ, "ದಿನಾ ಸಂಜಿಗಿ ಏಣಿ ಹತ್ತೂದು ಮೊಣಕಾಲಿಗೆ ಚೊಲೊ" ಅಂದಳು. ಆಮೇಲೆ ಏಜಂಟನ ಕಡೆ ತಿರುಗಿ ರೇರಾ ನಂಬರು ಕೇಳಿದಳು. ನಾನೂ ದಂಗಾದೆ, ಅವನೂ ದಂಗಾದ. ಮಹಾರಾಷ್ಟ್ರದಲ್ಲಿ 2017ರಿಂದ ಯಾವ ದೊಡ್ಡ ಕಟ್ಟಡವನ್ನೂ ನೋಂದಣಿ ಮಾಡದೆ ಮಾರುವಂತಿಲ್ಲ, ನಂಬರು ಹಾಕಿದರೆ ಯಾವಾಗ ಮುಗಿಸಿಕೊಡುತ್ತಾರೆ ಅನ್ನುವುದೂ ಮೊಬೈಲಿನಲ್ಲಿ ಕಾಣುತ್ತದೆ. ಮಗಳು ಹೇಳಿಕೊಟ್ಟು ಕಳಿಸಿದ್ದಳಂತೆ. "ಪಝೇಶನ್ ಹೋಯೀಲ, ಕಾಕೂ, ಲವಕರ" ಅಂದ ಹುಡುಗ. ಬೇಗ ಆಗುತ್ತದೆ ಅಂತ.

ಈ 'ಲವಕರ' ಕೇಳಿ ನನಗೆ ಥೀಬಾ ರಾಜ ನೆನಪಾದ. ಇದೇ ರತ್ನಾಗಿರಿ ಜಿಲ್ಲೆಗೆ ಮೊಟ್ಟಮೊದಲು ನಿವೃತ್ತನಾಗಿ ಬಂದವನು ಅವನೇ ಅಂತ ನನ್ನ ಲೆಕ್ಕ. ಬರ್ಮಾದ ಅರಸ. ಇಂಗ್ಲಿಷರು 1885ರಲ್ಲಿ ಅವನನ್ನು ಗಾದಿಯಿಂದ ಇಳಿಸಿ ಮರುವರ್ಷ ರತ್ನಾಗಿರಿಗೆ ತಂದು ಕೂರಿಸಿದರು. ಇನ್ನೂ ಮೂವತ್ತು ತುಂಬಿರದ ಹುಡುಗ, ನೌಕರಿ ಹೋಗಿ ಪೆನ್ಶನ್ನಿಗೆ ಬಿದ್ದ. ಅವನಿಗೆ ಅಂತ ಕಟ್ಟಿಸಿದ ಅರಮನೆ ತಯಾರಾದದ್ದು 1910ಕ್ಕೆ. ಅಂದರೆ ಸಾಮ್ರಾಜ್ಯ ಆಳುವವರೇ ಬಿಲ್ಡರಾದರೂ ಪಝೇಶನ್ನಿಗೆ ಇಪ್ಪತ್ನಾಲ್ಕು ವರ್ಷ. ಆ ಮನೆಯಲ್ಲಿ ಅವನು ಇದ್ದದ್ದು ಆರು ವರ್ಷ, 1916ರಲ್ಲಿ ತೀರಿಕೊಂಡ. ರತ್ನಾಗಿರಿಯಲ್ಲಿ ಥೀಬಾ ಪ್ಯಾಲೇಸು ಈಗಲೂ ಇದೆ, ಒಳ್ಳೆಯ ಸೀ-ವ್ಯೂ.

ಫ್ಲ್ಯಾಟು ಬೇಡ ಅಂದೆ. ಏಜಂಟ ಹಳೆಯ ಮನೆ ತೋರಿಸಿದ, ಪಡುವಣದ ಸಾಲಿನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ನನ್ನ ಎದೆ ಸೋತಿತು. ಮುಂದೆ ಪಡವಿ, ಒಳಗೆ ಓಟಿ, ಮಾಜಘರದಲ್ಲಿ ತೂಗುಮಂಚ. ಹಿತ್ತಲಲ್ಲಿ ಬಾವಿ, ಬಾವಿಯ ಮೇಲೆ ಹಳೇ ರಹಾಟ, ಅದರ ಮೇಲೆ ಕೂತ ಒಂದು ಮಿಂಚುಳ್ಳಿ. ಅಲ್ಲೇ ಕೂತು ಕಾಗದ ನೋಡಿದೆವು. ಮಹಾರಾಷ್ಟ್ರದಲ್ಲಿ ವಾಡಿ ಜಮೀನು ಕೊಳ್ಳಬೇಕಾದರೆ ಮೊದಲೇ ರೈತನಾಗಿರಬೇಕು. ನನ್ನ ಹೆಸರಿನಲ್ಲಿ ಊರಲ್ಲಿ ಎರಡು ಎಕರೆ ಜಿರಾಯತ ಇದೆ, ಅದು ಬೆಳೆದುಕೊಟ್ಟದ್ದೇನೂ ಇಲ್ಲ, ರೈತ ಅನ್ನುವ ಬಿರುದೊಂದನ್ನು ಬಿಟ್ಟು. ಅವತ್ತು ಅದಕ್ಕೂ ಬೆಲೆ ಬಂತು. ಇನ್ನು ಕರಾವಳಿ ನಿಯಂತ್ರಣ ವಲಯದ ಮಾತು. ಭರತಿಯ ನೀರು ಬಂದು ಮುಟ್ಟುವ ಗೆರೆಯಿಂದ 500 ಮೀಟರಿನ ಒಳಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ 1991ರಲ್ಲಿ ಸರಕಾರ ಕಟ್ಟಳೆ ಮಾಡಿತು, 2011ರಲ್ಲಿ ತಿದ್ದಿತು, 2019ರಲ್ಲಿ ಮತ್ತೆ ತಿದ್ದಿತು. ಏಜಂಟ ಅದನ್ನೆಲ್ಲ ಒಂದೇ ಶಬ್ದದಲ್ಲಿ ಮುಗಿಸಿದ: "ಹೋಯೀಲ."

ಆಮೇಲೆ ಸಾತ್‌ಬಾರಾ ಉತಾರಾ ಬಿಡಿಸಿದ. ಉತಾರಾ ಅಂದರೆ ನಿಮ್ಮ ಕರ್ನಾಟಕದ ಪಹಣಿ ಅಂದುಕೊಳ್ಳಿ. ಮಾಲಕನ ಹೆಸರು ಇರಬೇಕಾದಲ್ಲಿ ಹೆಸರುಗಳ ಜಾತ್ರೆ ಇತ್ತು. ಹೆಂಡತಿ ಕನ್ನಡಕ ಏರಿಸಿ ಬೆರಳು ಇಟ್ಟು ಹಾಜರಿ ತೆಗೆದುಕೊಂಡಳು. ಹತ್ತೊಂಬತ್ತು ಮಂದಿ. ಇಬ್ಬರು ಗಿರಗಾವದಲ್ಲಿ, ನಾಲ್ವರು ಡೊಂಬಿವಲಿಯಲ್ಲಿ, ಒಬ್ಬ ಅಮೆರಿಕದಲ್ಲಿ. ಮೂವರು ತೀರಿಕೊಂಡು ವಾರಸಾ ನೋಂದು ಆಗಿಲ್ಲ. ಒಬ್ಬಳು ಮದುವೆಯಾಗಿ ಹೋದವಳು ಈಗ ಎಲ್ಲಿದ್ದಾಳೆ ಯಾರಿಗೂ ಗೊತ್ತಿಲ್ಲ. "ಎಲ್ಲಾರದೂ ಸಹಿ ಬೇಕಲ್ಲ?" ಅಂದಳು. "ಸಗಳೇ ಗಣಪತೀಲಾ ಯೇತಾತ, ಕಾಕೂ," ಎಲ್ಲರೂ ಗಣಪತಿ ಹಬ್ಬಕ್ಕೆ ಬರುತ್ತಾರೆ, ಅಂದ ಹುಡುಗ. ಆರತಿಯ ಮಧ್ಯದಲ್ಲಿ ನಾನು ಹತ್ತೊಂಬತ್ತು ಮಂದಿಯ ಹೆಬ್ಬೆಟ್ಟು ಹಿಡಿದುಕೊಂಡು ಓಡಾಡುವ ಚಿತ್ರ ಕಣ್ಣಮುಂದೆ ಬಂತು. ಅವನು ಹೇಳಿದ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾಡಗ್ಯಾಳ ಟಗರು ಕೊಟ್ಟು ಮೇಲೆ ಒಂದು ಮರಿ ಕೊಡಬೇಕಾಗುತ್ತಿತ್ತು ಅಂದರೆ ನಮ್ಮ ಕಡೆಯವರಿಗೆ ತಿಳಿಯುತ್ತದೆ.

ಅಷ್ಟರಲ್ಲಿ ಪಕ್ಕದ ಮನೆಯ ಆಜಿ ಬೇಲಿಯ ಮೇಲಿಂದ ಬಗ್ಗಿ ನೋಡಿದರು. ಎಂಬತ್ತರ ಆಚೆಯ ಜೀವ, ಒಂಬತ್ತು ಗಜದ ಸೀರೆ. ಮನೆ ನೋಡಲಿಕ್ಕೆ ಬಂದವರು ಅಂತ ಗೊತ್ತಾದ ಕೂಡಲೇ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋಗಿ ಕೋಕಂ ಸರಬತ್ತು ಕೊಟ್ಟರು. ನಾನು ಬಾಗಿಲಲ್ಲಿ ಕೂತು ಕೇಳಿಸಿಕೊಂಡೆ. ಮಕ್ಕಳಿಬ್ಬರೂ ಮುಂಬಯಿಯಲ್ಲಿ. ಗಣಪತಿಗೆ ಬರುತ್ತಾರೆ, ಶಿಮಗಾ ಹಬ್ಬಕ್ಕೆ ಬರುತ್ತಾರೆ, ಮೇ ತಿಂಗಳಲ್ಲಿ ಮಾವಿನ ಹಣ್ಣಿಗೆ ಬರುತ್ತಾರೆ. ಉಳಿದ ದಿನ ಆಚೆ ಈಚೆ ಎರಡೂ ಮನೆ ಕೀಲಿ, ನಡುವೆ ಇವರೊಬ್ಬರು. ಜೂನಿನಿಂದ ನಾಲ್ಕು ತಿಂಗಳು ಮಳೆ. ಹಂಚಿನಿಂದ ನೀರು ಧಾರೆ ಕಟ್ಟುತ್ತದೆ, ಬಟ್ಟೆ ಒಣಗುವುದಿಲ್ಲ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಗೋಡೆಗೆ ಹಾವಸೆ ಬರುತ್ತದೆ, ತಂತಿಯ ಮೇಲೆ ಮರ ಬಿದ್ದು ಲೈಟು ಹೋಗುತ್ತದೆ. ಮೊದಲು ಬಾವಿಯ ನೀರು ಕೊಬ್ಬರಿ ನೀರಿನ ಹಾಗಿತ್ತು. ಈಗ ಎಲ್ಲರೂ ಪಂಪು ಹಚ್ಚಿ ಎತ್ತಿ ಎತ್ತಿ ಮೇ ಬಂದರೆ ಕೆಲವು ಬಾವಿ ಮಚೂಳ ಆಗುತ್ತವೆ. ಮಚೂಳ ಅಂದರೆ ನಮ್ಮ ಸವಳು.

"ನಿಮ್ಮ ಕಡೆ ಮಳೆ ಹೇಗೆ?" ಅಂತ ಆಜಿ ಕೇಳಿದರು.

ಹೆಂಡತಿ ನಿಟ್ಟುಸಿರು ಬಿಟ್ಟು, ನಮ್ಮದು ಬರಗಾಲದ ಊರು, ಮಳೆಯೇ ಇಲ್ಲ, ಬರೇ ಬಿಸಿಲು ಅಂದಳು. ಆಜಿಯ ಮುಖ ಅರಳಿತು.

"ಹೌದೇ? ಹಾಗಾದರೆ ಹಪ್ಪಳ ಒಂದೇ ದಿನಕ್ಕೆ ಒಣಗುತ್ತದಲ್ಲೇ!"

ಹೆಂಡತಿ ಒಂದು ಗಳಿಗೆ ಸುಮ್ಮನಾದಳು. ಐವತ್ತು ವರ್ಷ ನಮ್ಮ ಬಿಸಿಲನ್ನು ಬೈದವರನ್ನು ಕಂಡಿದ್ದಳು, ಅದಕ್ಕೆ ಹೊಟ್ಟೆಕಿಚ್ಚು ಪಟ್ಟವರನ್ನು ಇದೇ ಮೊದಲು ಕಂಡದ್ದು. ಆಮೇಲೆ ಶುರುವಾಯಿತು ನೋಡಿ. ಹಪ್ಪಳ ಒಂದೇ ದಿನ, ಶಾವಿಗೆ ಅರ್ಧ ದಿನ, ಸಂಡಿಗೆ ಎರಡು ದಿನ. ದ್ರಾಕ್ಷಿಯನ್ನು ಜಾಳಿಗೆಯ ಮೇಲೆ ಹರವಿ ಶೆಡ್ಡಿನಲ್ಲಿ ಗಾಳಿಗೆ ಬಿಟ್ಟರೆ ಎರಡು ವಾರದಲ್ಲಿ ಬೇದಾಣೆ. ನಿಮ್ಮಲ್ಲಿ ಮಾಡಿದರೆ ಬೂಸ್ಟು ಹಿಡಿದು ಕೂತೀತು, ಒಣ ಹವಾ ಇರಬೇಕು ಅದಕ್ಕೆ, ಅಂತ ನನ್ನ ಹೆಂಡತಿ, ನಲವತ್ತು ವರ್ಷ ಜತ್ತದ ಹೆಸರೆತ್ತಿದರೆ ಹಣೆ ಚಚ್ಚಿಕೊಂಡವಳು, ಆ ಒಣ ಹವಾವನ್ನು ತವರುಮನೆಯ ಆಸ್ತಿಯ ಹಾಗೆ ಎಣಿಸಿ ಎಣಿಸಿ ಹೇಳಿದಳು. ಗುಡ್ಡಾಪುರದ ದಾನಮ್ಮನ ಹೆಸರೂ ಬಂತು, ಜತ್ತದ ಯಲ್ಲಮ್ಮನ ಜಾತ್ರೆಯೂ ಬಂತು. ಎರಡು ಕಿಲೋ ಬೇದಾಣೆ ಕಳಿಸುತ್ತೇನೆ ಅಂತ ಮಾತು ಕೊಟ್ಟಳು. ಆಜಿ ಒಂದು ಚೀಲ ಕೋಕಂ ಕಟ್ಟಿಕೊಟ್ಟರು. ಮನೆ ಕೊಳ್ಳಲು ಬಂದವನು ನಾನು, ವ್ಯವಹಾರ ಕುದುರಿದ್ದು ಅವರಿಬ್ಬರ ನಡುವೆ.

ಹೊರಡುವಾಗ ಆಜಿ ನನ್ನನ್ನು ಕೇಳಿದ್ದು ಒಂದೇ ಮಾತು: ರಾತ್ರಿ ಎದೆ ನೋವು ಬಂದರೆ ಏನು ಮಾಡುತ್ತೀರಿ? ಅವರ ಯಜಮಾನರನ್ನು ಮಳೆಯಲ್ಲಿ ಚಿಪಳೂಣಕ್ಕೆ ಸಾಗಿಸಿದ್ದರಂತೆ, ನಲವತ್ತೈದು ಕಿಲೋಮೀಟರು. ಮುಂದಿನದನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಜತ್ತದವರಿಗೆ ಮಿರಜ ಇದೆ. ವಾನ್ಲೆಸ್ ಡಾಕ್ಟರರು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆಗೆದಂದಿನಿಂದ ನಮ್ಮ ಕಡೆಯ ರೋಗಗಳಿಗೆಲ್ಲ ದಾರಿ ಬಾಯಿಪಾಠ. ನನ್ನ ಬಿಪಿ ಗುಳಿಗೆಯ ಚೀಟಿಯೂ ಮಿರಜದ್ದೇ.

ಸಂಜೆ ಮೂವರೂ ದಂಡೆಗೆ ಹೋದೆವು. ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗೆ ಇಳಿದಳು, ಅರಿಷಿಣ-ಕುಂಕುಮದ ಪೊಟ್ಟಣ ಚೀಲದಲ್ಲಿ ತಂದೇ ಇದ್ದಳು. ಹಾಕಿದಳು, ತೆರೆ ತೆಗೆದುಕೊಂಡು ಹೋಯಿತು. ಒಂದು ಬೊಗಸೆ ನೀರು ಎತ್ತಿ ನಾಲಿಗೆಗೆ ಮುಟ್ಟಿಸಿ ಉಗುಳಿದಳು. "ಖರೇನs ಉಪ್ಪ ಐತ್ರೀ" ಅಂದಳು, ಅಲ್ಲಿಯತನಕ ನನ್ನ ಮಾತು ನಂಬಿರಲಿಲ್ಲ ಅನ್ನುವ ಹಾಗೆ. ಸೂರ್ಯ ಮುಳುಗುವ ತನಕ ಉಸುಕಿನಲ್ಲಿ ಕೂತಳು. ಎದ್ದಾಗ "ಇನ್ನೊಂದ ತಾಸ ಕುಂಡ್ರೂಣೇನು?" ಅಂದವಳೂ ಅವಳೇ.

ಮನೆ ಕೊಳ್ಳಲಿಲ್ಲ. ಸಂಚಕಾರಕ್ಕೆ ಅಂತ ಒಯ್ದಿದ್ದ ದುಡ್ಡಿನಲ್ಲಿ ಹಿಂದಿನ ಗೋಡೆಗೆ ಗಿಲಾವು ಆಯಿತು, ಮೇಲೆ ಎರಡು ಸಾವಿರ ಲೀಟರಿನ ಟಾಕಿ ಕೂತಿತು. ಆಜಿಗೆ ಬೇದಾಣೆ ಎಸ್‌ಟಿ ಪಾರ್ಸಲ್ಲಿನಲ್ಲಿ ಹೋಯಿತು. ಹಪ್ಪಳವೂ ಹೋಯಿತು, ಜೊತೆಗೆ ಡಬ್ಬಿಯ ಬಾಯಿ ಗಟ್ಟಿ ಮುಚ್ಚಿಡಿ ಅಂತ ಮರಾಠಿಯಲ್ಲಿ ಒಂದು ಚೀಟಿ. ಅವರ ಫೋನು ವಾರಕ್ಕೊಮ್ಮೆ ಬರುತ್ತದೆ, ನನಗಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ಗುಹಾಗರದ ಪಡುವಣದ ಸಾಲಿನಲ್ಲಿ ಯಾರಾದರೂ ವರ್ಷದಲ್ಲಿ ಹದಿನೈದು ದಿನ ಮನೆ ಬಾಡಿಗೆಗೆ ಕೊಡುವವರಿದ್ದರೆ ತಿಳಿಸಿರಿ. ಯಲ್ಲಮ್ಮನ ಜಾತ್ರೆ ಮುಗಿದ ಮೇಲೆ, ಜನವರಿಯಲ್ಲಿ ಆದರೆ ಒಳ್ಳೆಯದು. ಉತಾರಾದಲ್ಲಿ ಎಷ್ಟು ಹೆಸರಿದ್ದರೂ ನಡೆಯುತ್ತದೆ. ಬಾವಿಯ ನೀರು ಸಿಹಿ ಇರಬೇಕು, ಬೇಲಿಯ ಆಚೆ ಆಜಿ ಇರಬೇಕು. ರೊಟ್ಟಿ ಹಂಚು, ಕೊಣಮಿಗೆ, ಜೋಳದ ಹಿಟ್ಟು ನಾವೇ ತರುತ್ತೇವೆ.